ಅಂಕ ಪೂರ್ತಿ ಬಂದಿತ್ತು, ಪಾದ ಮಾತ್ರ ಮೇಲೇಳಲಿಲ್ಲ

ಪ್ರಶ್ನೆ: ನಾನು ಎರಡು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದೇನೆ. ಕಳೆದ ತಿಂಗಳು 38 ವರ್ಷದ ಒಬ್ಬರಿಗೆ ಲಿಥಾಟಮಿ ಭಂಗಿಯಲ್ಲಿ (ಅಂಗಾತ ಮಲಗಿಸಿ, ಎರಡೂ ಕಾಲುಗಳನ್ನು ಎತ್ತಿ ಅಗಲಿಸಿ ಆಸರೆಯ ಮೇಲಿಟ್ಟು), ಪೂರ್ಣ ಅರಿವಳಿಕೆ ಕೊಟ್ಟು, ಐದು ಗಂಟೆ ಶಸ್ತ್ರಚಿಕಿತ್ಸೆ ನಡೆಯಿತು. ಎತ್ತರ 175 ಸೆಂ.ಮೀ., ತೂಕ 56 ಕೆ.ಜಿ. ಸಿಗರೇಟು ಸೇದುತ್ತಾರೆ, ಬೇರೆ ಕಾಯಿಲೆ ಇಲ್ಲ. ವಾರ್ಡಿನಿಂದ ಬಂದ ಹಾಳೆಯಲ್ಲಿ ಬ್ರೇಡನ್ ಅಂಕ 23ಕ್ಕೆ 23 ಇದ್ದುದರಿಂದ ‘ಅಪಾಯವಿಲ್ಲ’ ಎಂದು ಗುರುತು ಹಾಕಿದೆ. ಮೊಣಕಾಲಿನ ಪಕ್ಕ ಮಡಚಿದ ಬಟ್ಟೆಯನ್ನೂ ಇಟ್ಟಿದ್ದೆವು. ಮರುದಿನ ಅವರಿಗೆ ಎಡ ಪಾದವನ್ನು ಮೇಲೆತ್ತಲು ಆಗಲಿಲ್ಲ. ಭಂಗಿಯಿಂದ ಆಗುವ ಇಂಥ ಹಾನಿಯನ್ನು ಮೊದಲೇ ಅಂದಾಜು ಮಾಡಲು ಸರಿಯಾದ ಅಳತೆ ಯಾವುದು? ಇದು ನನ್ನ ತಪ್ಪೇ?

ಉತ್ತರ: ಎರಡನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಆ ಹಾಳೆಯ ವಿಚಾರ.

ಬ್ರೇಡನ್ ಅಳತೆ 1987ರಲ್ಲಿ ಪ್ರಕಟವಾಯಿತು. ಹಾಸಿಗೆಯಲ್ಲಿರುವ ರೋಗಿಗೆ ಒತ್ತಡದ ಹುಣ್ಣು ಆಗುವ ಸಂಭವ ಎಷ್ಟು ಎಂದು ನೋಡಲು ಮಾಡಿದ ಅಳತೆ ಅದು. ನೋವು ಮತ್ತು ಸ್ಪರ್ಶದ ಅರಿವು, ಚರ್ಮದ ತೇವ, ಓಡಾಟ, ಹಾಸಿಗೆಯಲ್ಲಿ ಹೊರಳುವ ಶಕ್ತಿ, ಆಹಾರ, ಉಜ್ಜಾಟ ಮತ್ತು ಜಾರಾಟ ಹೀಗೆ ಆರು ವಿಷಯಗಳು. ಕನಿಷ್ಠ 6, ಗರಿಷ್ಠ 23. ಅಂಕ 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಚ್ಚರ ವಹಿಸಬೇಕು. ವಾರ್ಡಿನ ಮಟ್ಟಿಗೆ ಒಳ್ಳೆಯ ಅಳತೆಯೇ. ಆದರೆ ಅದು ಅಳೆದದ್ದು ಬೆಳಿಗ್ಗೆ ತಾನಾಗಿ ಎದ್ದು ಮುಖ ತೊಳೆದು ಬಂದ ಮನುಷ್ಯನನ್ನು. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಹೋದ ಕೆಲವೇ ನಿಮಿಷಗಳಲ್ಲಿ ಅದೇ ಮನುಷ್ಯನ ಸ್ಪರ್ಶದ ಅರಿವು ನಾಲ್ಕರಿಂದ ಒಂದಕ್ಕೆ ಇಳಿಯಿತು, ಓಡಾಟ ನಾಲ್ಕರಿಂದ ಒಂದಕ್ಕೆ, ಹೊರಳಾಟವೂ ಹಾಗೆಯೇ. ಕಳೆದು ನೋಡಿ: 23 ಹೋಗಿ 14 ಉಳಿಯಿತು. ಮೇಜಿನ ಮೇಲೆ ಮಲಗುವ ಪ್ರತಿಯೊಬ್ಬರಿಗೂ ಇದೇ ಗತಿ. ಎಲ್ಲರನ್ನೂ ಒಂದೇ ಅಂಕಕ್ಕೆ ತಂದು ನಿಲ್ಲಿಸುವ ಅಳತೆ ಯಾರಿಗೆ ಹೆಚ್ಚು ಅಪಾಯ ಎಂಬುದನ್ನು ಹೇಳಲಾರದು. ಜೊತೆಗೆ, ಅದು ಚರ್ಮದ ಬಗ್ಗೆ ಕೇಳುವ ಅಳತೆ. ನಿಮ್ಮ ರೋಗಿಗೆ ಪೆಟ್ಟು ಬಿದ್ದದ್ದು ನರಕ್ಕೆ.

ನಿದ್ದೆಯಲ್ಲಿ ನಮ್ಮ ಕೈ ಜೋಮು ಹಿಡಿದರೆ ಎಚ್ಚರವಾಗದೆಯೇ ಮಗ್ಗುಲು ಬದಲಿಸುತ್ತೇವೆ. ಅರಿವಳಿಕೆಯಲ್ಲಿರುವವರಿಗೆ ಆ ಭಾಗ್ಯವಿಲ್ಲ. ಇನ್ನೊಂದು ಸಂಗತಿಯನ್ನು ಅನೇಕರು ಮರೆಯುತ್ತಾರೆ: ಸ್ನಾಯುಗಳ ಬಿಗಿ ಹೋದ ಮೇಲೆ ಕೀಲುಗಳಿಗೆ ಕಾವಲುಗಾರರೇ ಇರುವುದಿಲ್ಲ. ಎಚ್ಚರವಿದ್ದಾಗ ‘ಅಯ್ಯೋ’ ಎಂದು ತಡೆಯುತ್ತಿದ್ದ ತೋಳು ಈಗ ಎಷ್ಟು ಎಳೆದರೆ ಅಷ್ಟು ಬರುತ್ತದೆ. ಅಷ್ಟು ಬಂತು ಎಂದ ಮಾತ್ರಕ್ಕೆ ಅಷ್ಟು ಎಳೆಯಬಹುದು ಎಂದಲ್ಲ.

ಥಿಯೇಟರಿಗೆಂದೇ ಮಾಡಿದ ಅಳತೆಗಳಿವೆ. ಮೂರನ್ನು ಹೇಳುತ್ತೇನೆ. ಅತಿ ಚಿಕ್ಕದು ಸ್ಕಾಟ್ ಟ್ರಿಗರ್ಸ್. ನಾಲ್ಕೇ ಪ್ರಶ್ನೆ: ವಯಸ್ಸು 62 ಅಥವಾ ಹೆಚ್ಚೇ? ರಕ್ತದ ಆಲ್ಬುಮಿನ್ ಎಂಬ ಪ್ರೊಟೀನ್ 3.5ಕ್ಕಿಂತ ಕಡಿಮೆಯೇ, ಇಲ್ಲವೇ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚಿ) 19ಕ್ಕಿಂತ ಕಡಿಮೆ ಅಥವಾ 40ಕ್ಕಿಂತ ಹೆಚ್ಚೇ? ಎಎಸ್‌ಎ ದರ್ಜೆ (ರೋಗಿಯ ಒಟ್ಟು ಆರೋಗ್ಯ ನೋಡಿ ಅರಿವಳಿಕೆ ತಜ್ಞರು ಕೊಡುವುದು) 3 ಅಥವಾ ಅದಕ್ಕೂ ಮೇಲೇ? ಶಸ್ತ್ರಚಿಕಿತ್ಸೆ ಮೂರು ಗಂಟೆ ಮೀರುವ ಅಂದಾಜಿದೆಯೇ? ಎರಡಕ್ಕೆ ಹೌದು ಎಂದರೆ ಹೆಚ್ಚಿನ ಅಪಾಯ. ನಿಮ್ಮ ರೋಗಿಯ ಬಿಎಂಐ ಲೆಕ್ಕ ಹಾಕಿದರೆ 18.3 ಬರುತ್ತದೆ. ಸಮಯ ಐದು ಗಂಟೆ. ಅಲ್ಲಿಗೆ ಎರಡು ಹೌದು ಆಯಿತು. ಅರ್ಧ ನಿಮಿಷದ ಕೆಲಸ.

ಎರಡನೆಯದು ಕ್ಯಾಸೆಂಡ್ರಾ ಮನ್ರೋ 2010ರಲ್ಲಿ ಪ್ರಕಟಿಸಿದ ಅಳತೆ. ಶಸ್ತ್ರಚಿಕಿತ್ಸೆಗೆ ಮೊದಲು, ನಡುವೆ, ನಂತರ ಎಂದು ಮೂರು ಹಂತಗಳಲ್ಲಿ ಅಂಕ ಕೂಡಿಸುತ್ತಾ ಹೋಗುತ್ತದೆ. ನಡುವಿನ ಹಂತದಲ್ಲಿ ದೇಹದ ಉಷ್ಣತೆ, ರಕ್ತದೊತ್ತಡದ ಕುಸಿತ, ತೇವ, ಭಂಗಿ ಎಲ್ಲವನ್ನೂ ಕೇಳುತ್ತದೆ; ಕೊನೆಯಲ್ಲಿ ಒಟ್ಟು ಅವಧಿ ಮತ್ತು ರಕ್ತನಷ್ಟ. ಅಪಾಯ ಬೆಳಿಗ್ಗೆ ಎಷ್ಟಿತ್ತೋ ಮಧ್ಯಾಹ್ನವೂ ಅಷ್ಟೇ ಇರುತ್ತದೆ ಎಂಬ ಭ್ರಮೆಯನ್ನು ಅದು ಕಳೆಯುತ್ತದೆ ಎಂಬ ಕಾರಣಕ್ಕೆ ನನಗೆ ಅದು ಇಷ್ಟ. ತುಂಬಲು ಹೆಚ್ಚು ಸಮಯ ಬೇಕು ಎಂಬ ಕಾರಣಕ್ಕೆ ಅರ್ಧ ತುಂಬಿದ ಹಾಳೆಗಳೇ ಹೆಚ್ಚಾಗಿ ಕಾಣಸಿಗುತ್ತವೆ ಎನ್ನುವುದೂ ನಿಜ.

ಮೂರನೆಯದು ಬ್ರೆಜಿಲ್‌ನ ಶುಶ್ರೂಷಾ ಸಂಶೋಧಕರು ರೂಪಿಸಿದ ಎಲ್ಪೊ. ನಿಮ್ಮ ಪ್ರಶ್ನೆಗೆ ಅತಿ ಹತ್ತಿರದ ಉತ್ತರ ಇದೇ, ಏಕೆಂದರೆ ಇದರ ಕೇಂದ್ರದಲ್ಲಿರುವುದು ಭಂಗಿ. ಏಳು ಅಂಶಗಳು, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ: ಭಂಗಿ, ಅವಧಿ, ಅರಿವಳಿಕೆಯ ಬಗೆ, ಮೈ ಕೆಳಗಿನ ಹಾಸು, ಕೈಕಾಲುಗಳ ಸ್ಥಿತಿ, ಇತರ ಕಾಯಿಲೆ, ವಯಸ್ಸು. ಒಟ್ಟು 20 ಮುಟ್ಟಿದರೆ ಹೆಚ್ಚಿನ ಅಪಾಯ. ನಿಮ್ಮ ರೋಗಿಗೆ ಹಾಕಿ ನೋಡೋಣ. ಲಿಥಾಟಮಿಗೆ 5, ಅಂಗಾತ ಮಲಗುವುದಕ್ಕೆ ಬರೀ 1 ಇರುವಾಗ ಇದಕ್ಕೆ ಪೂರ್ತಿ ಐದು ಎಂಬುದನ್ನು ಗಮನಿಸಿ. ನಾಲ್ಕರಿಂದ ಆರು ಗಂಟೆಯ ಅವಧಿಗೆ 4. ಪೂರ್ಣ ಅರಿವಳಿಕೆಗೆ 4. ವಯಸ್ಸಿಗೆ 1, ಕಾಯಿಲೆ ಇಲ್ಲದ್ದಕ್ಕೆ 1. ಅಲ್ಲಿಗೆ 15 ಆಯಿತು. ಉಳಿದ ಹಾಸು ಮತ್ತು ಕೈಕಾಲುಗಳಿಗೆ ಧಾರಾಳವಾಗಿ ತಲಾ ಮೂರೇ ಹಾಕಿದರೂ 21. ವಾರ್ಡಿನ ಹಾಳೆ ‘ಅಪಾಯವಿಲ್ಲ’ ಎಂದ ಮನುಷ್ಯ ಇಲ್ಲಿ ಗೆರೆ ದಾಟಿದ್ದಾನೆ. ಎಳೆಯ ವಯಸ್ಸು, ಗಟ್ಟಿ ಆರೋಗ್ಯ ಎಲ್ಲವೂ ಸೇರಿ ಅವನಿಗೆ ಉಳಿಸಿಕೊಟ್ಟದ್ದು ಬೆರಳೆಣಿಕೆಯ ಅಂಕ. ನಾವು ಅವನನ್ನು ಮಲಗಿಸಿದ ರೀತಿ ಮತ್ತು ಹೊತ್ತು ಉಳಿದೆಲ್ಲವನ್ನೂ ಕೂಡಿಸಿದವು.

ಹಾಗಾದರೆ ಹಾಳೆ ಬದಲಿಸಿದರೆ ಸಾಕೇ? ಸಾಲದು. ಅಂಕ ಹೇಳುವುದು ಯಾರ ಬಗ್ಗೆ ಎಚ್ಚರವಾಗಿರಬೇಕು ಎಂಬುದನ್ನು. ಮೈಯ ಯಾವ ಜಾಗದ ಬಗ್ಗೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಕೈಯಿಂದ ಮುಟ್ಟಿ, ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು, ಅದೂ ರೋಗಿ ಎಚ್ಚರವಾಗಿರುವಾಗ.

ನಾನು ಮಾಡುವ ಕ್ರಮ ಹೇಳುತ್ತೇನೆ. ಐದು ನಿಮಿಷ ಸಾಕು. ಯಾವ ಭಂಗಿಯಲ್ಲಿ ಮಲಗಿಸಲಿದ್ದೇವೋ ಆ ಭಂಗಿಯನ್ನು ರೋಗಿಯಿಂದಲೇ ಮಂಚದ ಮೇಲೆ ಮಾಡಿಸುತ್ತೇನೆ. ಬೋರಲು ಮಲಗಿಸಿ ಕೈಗಳನ್ನು ತಲೆಯ ಬದಿಗೆ ಎತ್ತಿಡುವುದಿದ್ದರೆ, ಎರಡೂ ಕೈ ಎತ್ತಿ ತಲೆಯ ಹಿಂದೆ ಹೆಣೆದು ಎರಡು ನಿಮಿಷ ಇರಿ ಎನ್ನುತ್ತೇನೆ. ಒಮ್ಮೆ ದರ್ಜಿ ಕೆಲಸದ ಒಬ್ಬರು ಒಂದು ನಿಮಿಷ ಕಳೆಯುವ ಮೊದಲೇ ಕೈ ಇಳಿಸಿ, “ಈ ಬಲಗೈ ಹೀಗೆ ನಿಲ್ಲುವುದಿಲ್ಲ ಡಾಕ್ಟರೇ, ಬೆರಳು ಸತ್ತ ಹಾಗಾಗುತ್ತವೆ” ಎಂದರು. ಅವರ ಕಡತದಲ್ಲಿ ಆ ಮಾತು ಎಲ್ಲಿಯೂ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಅವರ ಎರಡೂ ಕೈಗಳನ್ನು ಪಕ್ಕಕ್ಕೆ ಸೇರಿಸಿ ಮಲಗಿಸಿದೆವು. ಎಚ್ಚರವಿದ್ದಾಗ ಒಂದು ನಿಮಿಷ ತಾಳದ ಭಂಗಿಯಲ್ಲಿ ನಾಲ್ಕು ಗಂಟೆ ಮಲಗಿಸಿದ್ದರೆ ಏನಾಗುತ್ತಿತ್ತು ಎಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಸಲಹೆಯಲ್ಲೂ, ಸಾಧ್ಯವಿದ್ದಾಗ ರೋಗಿ ಆ ಭಂಗಿಯನ್ನು ಆರಾಮವಾಗಿ ತಾಳಬಲ್ಲರೇ ಎಂದು ಮೊದಲೇ ನೋಡಿ ಎಂಬ ಮಾತಿದೆ.

ಆಮೇಲೆ ಕೆಲವು ಪ್ರಶ್ನೆಗಳು. ಮೊಬೈಲ್ ಹಿಡಿದು ಬಹಳ ಹೊತ್ತು ಮಾತನಾಡಿದರೆ ಕಿರುಬೆರಳು ಜುಮ್ಮೆನ್ನುತ್ತದೆಯೇ? ಹೌದು ಎಂದರೆ ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಈಗಾಗಲೇ ನಲುಗುತ್ತಿದೆ ಎಂದರ್ಥ. ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ, ಯಾವ ಮಗ್ಗುಲಿಗೆ ಮಲಗಲು ಆಗುವುದಿಲ್ಲ? ಕುತ್ತಿಗೆ ತಿರುಗಿಸಿದರೆ ತೋಳಿಗೆ ನೋವು ಇಳಿಯುತ್ತದೆಯೇ? ಸೊಂಟದ ಕೀಲು, ಮೊಣಕಾಲು ಬದಲಿಸಿದ್ದಾರೆಯೇ? ಸಂಧಿವಾತವಿದ್ದರೆ ಕುತ್ತಿಗೆಯ ಮೇಲ್ತುದಿಯ ಕೀಲು ಸಡಿಲವಾಗಿರಬಹುದು, ಅದು ಸರ್ಜನ್‌ಗೂ ಅರಿವಳಿಕೆ ತಜ್ಞರಿಗೂ ಮೊದಲೇ ಗೊತ್ತಾಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ಪಾದ ಉರಿ, ಮರಗಟ್ಟುವಿಕೆ ಇದೆಯೇ? ಒಂದು ಕಡೆ ಈಗಾಗಲೇ ಪೆಟ್ಟು ತಿಂದ ನರ ಇನ್ನೊಂದು ಕಡೆ ಸಣ್ಣ ಒತ್ತಡ ಬಿದ್ದರೂ ಸೋಲುತ್ತದೆ ಎಂಬ ವಾದವನ್ನು 1973ರಲ್ಲಿ ಅಪ್ಟನ್ ಮತ್ತು ಮಕ್‌ಕೋಮಾಸ್ ಮುಂದಿಟ್ಟರು. ವಾದದ ಬಗ್ಗೆ ಚರ್ಚೆ ಇದ್ದೇ ಇದೆ, ನಾನಂತೂ ಮಧುಮೇಹಿಯ ಕಾಲನ್ನು ಎತ್ತುವಾಗ ಅದನ್ನು ನಿಜವೆಂದೇ ನಂಬುತ್ತೇನೆ.

ಹಾಗೆಯೇ ಆಗಲೇ ಇರುವ ಕುಂದನ್ನು ಬರೆದಿಡಿ. ‘ಬಲ ಕಿರುಬೆರಳಿನಲ್ಲಿ ಆರು ತಿಂಗಳಿಂದ ಜೋಮು’ ಎಂಬ ಒಂದು ಸಾಲು ನಾಳೆ ರೋಗಿಗೂ ಉಪಕಾರ, ನಿಮಗೂ ಉಪಕಾರ.

ಇನ್ನು ನಿಮ್ಮ ರೋಗಿಯ ಕಾಲಿಗೆ ಬರೋಣ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಗುಬುಟು ಕೈಗೆ ಸಿಗುತ್ತದೆ. ಅದು ಫಿಬ್ಯುಲಾ ಮೂಳೆಯ ತಲೆ. ಅದರ ಕೆಳಗಿನ ಕತ್ತನ್ನು ಸುತ್ತಿಕೊಂಡು ಪೆರೋನಿಯಲ್ ನರ ಮುಂದಕ್ಕೆ ಹೋಗುತ್ತದೆ. ಅಲ್ಲಿ ನರಕ್ಕೂ ಹೊರಗಿನ ಜಗತ್ತಿಗೂ ನಡುವೆ ಇರುವುದು ಚರ್ಮ ಮತ್ತು ತುಸು ಕೊಬ್ಬು ಅಷ್ಟೇ. ತೆಳ್ಳಗಿನವರಲ್ಲಿ ಕೊಬ್ಬೂ ಇಲ್ಲ. ಈಗಲೇ ನಿಮ್ಮ ಕಾಲಿನಲ್ಲಿ ಆ ಜಾಗ ಹುಡುಕಿ ಬೆರಳಿನಿಂದ ಉರುಳಿಸಿ ನೋಡಿ, ಪಾದದ ಮೇಲ್ಭಾಗಕ್ಕೆ ಜುಮ್ಮೆಂದು ಹರಿದರೆ ಅದೇ ನರ. ಎತ್ತಿದ ಕಾಲನ್ನು ಹಿಡಿದಿಡುವ ಸ್ಟಿರಪ್‌ನ ಕಂಬ ತಾಗುವುದು ಇಲ್ಲಿಗೇ.

ಇದರ ಬಗ್ಗೆ ದೊಡ್ಡ ಲೆಕ್ಕವೊಂದಿದೆ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ವಾರ್ನರ್ ಮತ್ತು ಸಂಗಡಿಗರು 1957ರಿಂದ 1991ರವರೆಗೆ ಲಿಥಾಟಮಿಯಲ್ಲಿ ನಡೆದ 1,98,461 ಶಸ್ತ್ರಚಿಕಿತ್ಸೆಗಳ ಕಡತ ತೆಗೆದು ನೋಡಿ 1994ರಲ್ಲಿ ಪ್ರಕಟಿಸಿದರು. ಕಾಲಿನ ಚಲನೆಯನ್ನೇ ಕಸಿದು ಬಹುಕಾಲ ಉಳಿದ ನರಹಾನಿ 3,608 ಮಂದಿಗೆ ಒಬ್ಬರಲ್ಲಿ. ಅವುಗಳಲ್ಲಿ ಶೇ. 78 ಪೆರೋನಿಯಲ್ ನರದ್ದು. ಯಾರಲ್ಲಿ ಹೆಚ್ಚು? ಬಿಎಂಐ 20 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ, ಇತ್ತೀಚಿನವರೆಗೆ ಧೂಮಪಾನ ಮಾಡುತ್ತಿದ್ದವರಲ್ಲಿ, ಭಂಗಿ ನಾಲ್ಕು ಗಂಟೆ ಮೀರಿದವರಲ್ಲಿ. ನಿಮ್ಮ ಪತ್ರದ ಎರಡನೆಯ, ಮೂರನೆಯ, ನಾಲ್ಕನೆಯ ವಾಕ್ಯಗಳನ್ನು ಇನ್ನೊಮ್ಮೆ ಓದಿಕೊಳ್ಳಿ. ಮೂರೂ ಅಲ್ಲಿಯೇ ಇವೆ, ನೀವೇ ಬರೆದಿದ್ದೀರಿ. ಅವು ಮುಖ್ಯ ಎಂದು ನಿಮಗೆ ಒಳಗೊಳಗೇ ಅನ್ನಿಸಿದ್ದರಿಂದಲೇ ಬರೆದಿರಬೇಕು, ಹಾಳೆಯಲ್ಲಿ ಅವಕ್ಕೆ ಜಾಗ ಇರಲಿಲ್ಲ ಅಷ್ಟೆ. ಎಲ್ಪೊದಲ್ಲೂ ಧೂಮಪಾನಕ್ಕೆ ಜಾಗವಿಲ್ಲ ಎಂಬುದು ನೆನಪಿರಲಿ.

ಅದೇ ತಂಡ 2000ದಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 991 ಮಂದಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲಿನಿಂದಲೇ ಗಮನಿಸುತ್ತಾ ಬಂದರು. 15 ಮಂದಿಗೆ ನರದ ತೊಂದರೆ ಕಾಣಿಸಿತು, ಹೆಚ್ಚಿನವು ಸ್ಪರ್ಶಕ್ಕೆ ಸಂಬಂಧಿಸಿದ ಉರಿ, ಜೋಮು. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಕಡತದಲ್ಲಿ ಬರುವುದಿಲ್ಲ ಎಂಬುದು ಈ ಎರಡು ಲೆಕ್ಕಗಳ ನಡುವಿನ ಅಂತರದಿಂದಲೇ ಗೊತ್ತಾಗುತ್ತದೆ. ಎರಡು ಗಂಟೆ ಮೀರಿದ ಭಂಗಿಯೇ ಅಲ್ಲಿ ಎದ್ದು ಕಂಡ ಕಾರಣ.

ಲಿಥಾಟಮಿಯಲ್ಲಿ ನರಕ್ಕಿಂತ ನನ್ನನ್ನು ಹೆಚ್ಚು ಹೆದರಿಸುವುದು ಮೀನಖಂಡ. ಕಾಲನ್ನು ಹೃದಯದ ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಎತ್ತಿದರೆ ಅಲ್ಲಿನ ರಕ್ತದೊತ್ತಡ ಸುಮಾರು 0.75 ಮಿಲಿಮೀಟರ್ ಕುಸಿಯುತ್ತದೆ. ಕಣಕಾಲು 40 ಸೆಂ.ಮೀ. ಮೇಲಿದ್ದರೆ 30 ಮಿಲಿಮೀಟರ್ ಹೋಯಿತು. ತೋಳಿನ ಪಟ್ಟಿಯಲ್ಲಿ ಸರಾಸರಿ ಒತ್ತಡ 65 ಎಂದು ನೋಡಿ ನಾವು ನೆಮ್ಮದಿಯಾಗಿದ್ದರೆ ಕಣಕಾಲಿನಲ್ಲಿ ಉಳಿದದ್ದು 35. ಅದರ ಮೇಲೆ ತಲೆಯ ಕಡೆಗೆ ಮೇಜನ್ನು ಬಗ್ಗಿಸಿದರೆ ಇನ್ನೂ ಕಡಿಮೆ. ಇತ್ತ ಮೀನಖಂಡ ಸ್ಟಿರಪ್‌ನ ದೊಪ್ಪೆಗೆ ಒತ್ತಿಕೊಂಡಿರುತ್ತದೆ. ರಕ್ತ ಸಾಲದೆ ಸ್ನಾಯು ಊದಿಕೊಂಡು, ಬಿಗಿಯಾದ ಪೊರೆಯೊಳಗೆ ತನ್ನನ್ನು ತಾನೇ ಹಿಸುಕಿಕೊಳ್ಳುವ ಸ್ಥಿತಿಗೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಆದ್ದರಿಂದಲೇ ನಾಲ್ಕು ಗಂಟೆ ಮೀರುವ ಅಂದಾಜಿರುವ ಕೆಲಸಗಳಲ್ಲಿ ಎರಡು ಗಂಟೆಗೊಮ್ಮೆ ಕಾಲುಗಳನ್ನು ಕೆಳಗಿಳಿಸಿ ರಕ್ತ ಹರಿಯಲು ಬಿಡುವ ರೂಢಿ ಬಂದದ್ದು. ಸರ್ಜನ್ ಮುಖ ಸಿಂಡರಿಸುತ್ತಾರೆ, ಹೌದು. ಕಾಲು ಇಳಿಸುವ ಹೊತ್ತನ್ನು ಆರಂಭದ ಪರಿಶೀಲನೆಯಲ್ಲೇ ಎಲ್ಲರ ಮುಂದೆ ಒಪ್ಪಿಸಿಕೊಳ್ಳಿ. ಆಗ ಗಡಿಯಾರ ನೋಡಿ ಹೇಳುವುದು ನಿಮ್ಮ ಕೆಲಸವಾಗುತ್ತದೆ, ಅಡ್ಡಿಪಡಿಸುವುದಾಗುವುದಿಲ್ಲ.

ಲಿಥಾಟಮಿಯ ಬಗ್ಗೆ ಇನ್ನೆರಡು ಮಾತು. ಎರಡೂ ಕಾಲುಗಳನ್ನು ಇಬ್ಬರು ಒಟ್ಟಿಗೆ ಎತ್ತಬೇಕು, ಒಟ್ಟಿಗೆ ನಿಧಾನವಾಗಿ ಇಳಿಸಬೇಕು. ಒಂದೊಂದಾಗಿ ಎತ್ತಿದರೆ ಸೊಂಟ ತಿರುಚುತ್ತದೆ, ಬೇಗ ಇಳಿಸಿದರೆ ರಕ್ತದೊತ್ತಡ ಕುಸಿಯುತ್ತದೆ. ಮತ್ತೆ, ಕೈಗಳನ್ನು ಪಕ್ಕಕ್ಕೆ ಸೇರಿಸಿದ್ದರೆ ಮೇಜಿನ ಕಾಲಿನ ಭಾಗವನ್ನು ಮೇಲಕ್ಕೆ ತರುವಾಗ ಬೆರಳುಗಳು ಆ ಸಂದಿಯಲ್ಲಿ ಇರುತ್ತವೆ. ಕೈ ಕಣ್ಣಿಗೆ ಕಾಣುವವರೆಗೆ ಗುಂಡಿ ಒತ್ತಬೇಡಿ.

ಮಡಚಿದ ಬಟ್ಟೆ ಇಟ್ಟಿದ್ದೆವು ಎಂದಿದ್ದೀರಿ. ಇಟ್ಟ ಮನಸ್ಸು ಒಳ್ಳೆಯದು, ವಸ್ತು ಒಳ್ಳೆಯದಲ್ಲ. ಮಡಚಿದ ಬಟ್ಟೆ, ಸುತ್ತಿದ ಟವೆಲ್ ಒತ್ತಡವನ್ನು ಹಂಚುವುದಿಲ್ಲ. ತಾನೇ ಇನ್ನೊಂದು ಗಟ್ಟಿ ಅಂಚಾಗುತ್ತದೆ, ಐದು ಗಂಟೆಯಲ್ಲಿ ಚಪ್ಪಟೆಯಾಗಿ ಜರುಗಿಯೂ ಹೋಗುತ್ತದೆ. ಜೆಲ್ ಅಥವಾ ಒತ್ತಿದರೆ ಆಕಾರಕ್ಕೆ ಒಗ್ಗುವ ಫೋಮ್ ಬೇಕು. ಅದೇ ಲೆಕ್ಕದಲ್ಲಿ, ದುಬಾರಿ ಹಾಸಿನ ಮೇಲೆ ನಾಲ್ಕು ಪದರ ಬಟ್ಟೆ ಹಾಸಿದರೆ ಹಾಸು ಇದ್ದೂ ಇಲ್ಲದಂತೆ.

ಉಳಿದ ಭಂಗಿಗಳನ್ನು ಬೇಗ ಹೇಳಿಬಿಡುತ್ತೇನೆ. ಅಂಗಾತ ಮಲಗಿಸುವುದು ಸಾಧು ಭಂಗಿ ಎನ್ನಿಸುತ್ತದೆ, ಆದರೆ ಹಿಂದಲೆ, ಬೆನ್ನ ಬುಡ, ಹಿಮ್ಮಡಿ ಮೂರೂ ಅಲ್ಲಿಯೇ ಸವೆಯುವುದು. ಹಿಮ್ಮಡಿಗಳು ಗಾಳಿಯಲ್ಲಿ ತೇಲುವಂತೆ ಮೀನಖಂಡದ ಉದ್ದಕ್ಕೂ ಆಧಾರ ಕೊಡಿ, ಮೊಣಕಾಲು ತುಸು ಮಡಚಿರಲಿ. ಚಾಚಿದ ತೋಳು 90 ಡಿಗ್ರಿ ಮೀರಬಾರದು, ಕೈಹಲಗೆಯ ಮೇಲೆ ಅಂಗೈ ಮೇಲ್ಮುಖವಾಗಿ ಅಥವಾ ತೊಡೆಯ ಕಡೆಗಿರಲಿ, ಕೆಳಮುಖವಾಗಿ ಬೇಡ. ಮಗ್ಗುಲಿಗೆ ಮಲಗಿಸಿದಾಗ ಇಡುವ ‘ಕಂಕುಳ ದಿಂಬು’ ಹೆಸರಿಗೆ ತಕ್ಕಂತೆ ಕಂಕುಳಲ್ಲಿ ಇರಲೇಬಾರದು! ಅದಕ್ಕಿಂತ ಕೆಳಗೆ, ಎದೆಗೂಡಿನ ಅಡಿಗೆ ಇರಬೇಕು. ಕೆಳಗಿನ ಕೈಯ ನಾಡಿ ಹಿಡಿದು ನೋಡಿ, ಕೆಳಗಿನ ಕಿವಿ ಮಡಚಿಕೊಂಡಿದೆಯೇ ಎಂದು ಬೆರಳು ತೂರಿಸಿ ನೋಡಿ. ತಲೆ ಬಹಳ ಕೆಳಗಾಗುವಂತೆ ಮೇಜು ಬಗ್ಗಿಸುವ ರೋಬಾಟಿಕ್ ಕೆಲಸಗಳಲ್ಲಿ ರೋಗಿ ಜಾರುತ್ತಾನೆ. ಜಾರದಂತೆ ಹೆಗಲಿಗೆ ಆನಿಕೆ ಕೊಟ್ಟರೆ ತೋಳಿನ ನರಗಳ ಜಾಲವೇ ಎಳೆದುಕೊಳ್ಳುತ್ತದೆ. ಹೆಗಲ ಆನಿಕೆಯನ್ನು ನಾನು ಬಳಸುವುದಿಲ್ಲ, ಬೆನ್ನಿನಡಿಗೆ ಜಾರದ ಹಾಸು ಹಾಕಿಸುತ್ತೇನೆ.

ಬೋರಲು ಭಂಗಿಯಲ್ಲಿ ಕಣ್ಣಿನ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಕಣ್ಣುಗುಡ್ಡೆಯ ಮೇಲೆ ನೇರ ಒತ್ತಡ ಬಿದ್ದು ಅಕ್ಷಿಪಟಲದ ರಕ್ತನಾಳ ಮುಚ್ಚುವುದು ಒಂದು ಬಗೆ, ಅದನ್ನು ತಡೆಯಬಹುದು: ತಲೆಯ ಆಸರೆಯಲ್ಲಿ ಕಣ್ಣು ಎಲ್ಲಿದೆ ಎಂದು ಆಗಾಗ ಬಗ್ಗಿ ನೋಡಬೇಕು, ಒಮ್ಮೆ ನೋಡಿದರೆ ಸಾಲದು. ಇನ್ನೊಂದು ಬಗೆಯಲ್ಲಿ ಕಣ್ಣಿಗೆ ಏನೂ ತಾಗದೆಯೇ ದೃಷ್ಟಿನರ ರಕ್ತ ಸಾಲದೆ ಸೋಲುತ್ತದೆ. ಬೆನ್ನುಮೂಳೆಯ ದೀರ್ಘ ಶಸ್ತ್ರಚಿಕಿತ್ಸೆಗಳಲ್ಲಿ ಇದರ ಅಪಾಯಾಂಶಗಳನ್ನು ಪಟ್ಟಿ ಮಾಡಿದ 2012ರ ಅಧ್ಯಯನದಲ್ಲಿ ಪುರುಷರಾಗಿರುವುದು, ಬೊಜ್ಜು, ವಿಲ್ಸನ್ ಚೌಕಟ್ಟಿನ (ಬೋರಲು ಮಲಗಿದವರ ಮೈಗೆ ಆಸರೆಯಾಗುವ ಬಾಗಿದ ಚೌಕಟ್ಟು) ಬಳಕೆ, ದೀರ್ಘ ಅವಧಿ, ಹೆಚ್ಚು ರಕ್ತನಷ್ಟ ಬಂದವು. ವಿಲ್ಸನ್ ಚೌಕಟ್ಟು ತಲೆಯನ್ನು ಹೃದಯಕ್ಕಿಂತ ಕೆಳಗಿಳಿಸುತ್ತದೆ. ಅಪಾಯ ಅಳೆಯುವ ಹಾಳೆಯಲ್ಲಿ ‘ತಲೆ ಹೃದಯದ ಮಟ್ಟದಲ್ಲಿದೆಯೇ’ ಎಂಬ ಸಾಲು ಇರುವುದು ನಾನು ಬಹಳ ಕಡಿಮೆ ಕಂಡಿದ್ದೇನೆ.

ಚರ್ಮದ ಬಗ್ಗೆ ಒಂದು ಹಳೆಯ ಕಥೆ. ನನ್ನ ಆರಂಭದ ವರ್ಷಗಳಲ್ಲಿ ಆರು ಗಂಟೆಯ ಕೆಲಸವೊಂದು ಮುಗಿದು ಮೂರನೆಯ ದಿನ ರೋಗಿಯ ಬೆನ್ನ ಬುಡದಲ್ಲಿ ಅಂಗೈ ಅಗಲದ ನೇರಳೆ ಕಲೆ ಕಾಣಿಸಿತು. ಡಯಾಥರ್ಮಿಯಿಂದ (ವಿದ್ಯುತ್ತಿನಿಂದ ಕತ್ತರಿಸಿ ರಕ್ತ ನಿಲ್ಲಿಸುವ ಯಂತ್ರ) ಸುಟ್ಟಿದೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿ, ಯಂತ್ರವನ್ನು ತಪಾಸಣೆಗೆ ಕಳಿಸಿದರು. ಡಯಾಥರ್ಮಿ ಪ್ಯಾಡ್ ಇದ್ದದ್ದು ತೊಡೆಯ ಮೇಲೆ. ಸುಟ್ಟಗಾಯವಾದರೆ ಅಂದೇ ಕಾಣಬೇಕಿತ್ತು. ಇದು ಒತ್ತಡದ ಗಾಯ. ಮೂಳೆಗೆ ಅಂಟಿದ ಸ್ನಾಯು ಚರ್ಮಕ್ಕಿಂತ ಮೊದಲೇ ಸಾಯುತ್ತದೆ, ಸುದ್ದಿ ಮೇಲಕ್ಕೆ ಬರಲು ಎರಡು ಮೂರು ದಿನ ಬೇಕು. ಅಷ್ಟರಲ್ಲಿ ರೋಗಿ ವಾರ್ಡಿನಲ್ಲಿರುತ್ತಾರೆ, ಥಿಯೇಟರಿನವರು ಅದನ್ನು ನೋಡುವುದೇ ಇಲ್ಲ. ಹೀಗಾಗಿ ‘ನಮ್ಮಲ್ಲಿ ಹುಣ್ಣು ಆಗುವುದಿಲ್ಲ’ ಎಂದು ಪ್ರಾಮಾಣಿಕವಾಗಿ ನಂಬಿದವರು ತುಂಬ ಮಂದಿ. ಆ ರೋಗಿಯ ಮೈ ಕೆಳಗೆ ಚರ್ಮ ತೊಳೆಯುವ ದ್ರಾವಣವೂ ಹರಿದು ನಿಂತಿತ್ತು ಎಂಬುದು ಆಮೇಲೆ ತಿಳಿಯಿತು. ನಾವು ಆರಂಭದಲ್ಲೇ ಕೈ ಹಾಕಿ ನೋಡಿದ್ದರೆ ತಿಳಿಯುತ್ತಿತ್ತು.

ಆದ್ದರಿಂದ ಕೆಲಸ ನಡೆಯುತ್ತಿರುವಾಗಲೂ ಅಳೆಯುತ್ತಿರಬೇಕು. ಮೇಜು ಬಗ್ಗಿಸಿದಾಗ, ಭಂಗಿ ಬದಲಿಸಿದಾಗ, ಸರ್ಜನ್ ‘ಇನ್ನೊಂದು ಅರ್ಧ ಗಂಟೆ’ ಎಂದಾಗಲೆಲ್ಲ. ಆ ಅರ್ಧ ಗಂಟೆಯ ಉದ್ದ ಎಷ್ಟೆಂದು ನಿಮಗೂ ಗೊತ್ತು. ಹೊದಿಕೆಯ ಕೆಳಗೆ ಕೈ ತೂರಿಸಿ ಮೊಣಕೈ, ಮೊಣಕಾಲಿನ ಹೊರಬದಿ ಮುಟ್ಟಿ ನೋಡಿ. ಸಹಾಯಕ ವೈದ್ಯರು ದಣಿದು ರೋಗಿಯ ಕಾಲಿನ ಮೇಲೋ ತೋಳಿನ ಮೇಲೋ ಒರಗಿದ್ದಾರೆಯೇ ನೋಡಿ. ಹೊದಿಕೆ ಹಾಕಿದ ಮೇಲೆ ಅವರಿಗೆ ಅದು ಮೇಜಿನ ಅಂಚಿನಂತೆಯೇ ಅನ್ನಿಸುತ್ತದೆ. ರಕ್ತದೊತ್ತಡ ಬಹಳ ಹೊತ್ತು ತಗ್ಗಿದ್ದರೆ, ಮೈ 36 ಡಿಗ್ರಿಗಿಂತ ತಣ್ಣಗಾಗಿದ್ದರೆ, ರಕ್ತನಾಳ ಬಿಗಿಗೊಳಿಸುವ ಔಷಧ ಹರಿಯುತ್ತಿದ್ದರೆ ಬೆಳಗಿನ ಅಂಕವನ್ನು ಮರೆತು ಬಿಡಿ.

ಈಗ ‘ನನ್ನ ತಪ್ಪೇ’ ಎಂಬ ಪ್ರಶ್ನೆ. ಭಂಗಿಯ ನಿರ್ಧಾರ ಸರ್ಜನ್, ಅರಿವಳಿಕೆ ತಜ್ಞರು, ನರ್ಸ್ ಮೂವರದು. ಒಬ್ಬರ ಹೆಗಲಿಗೆ ಹೊರಿಸಿ ಉಳಿದವರು ಕೈತೊಳೆದುಕೊಳ್ಳುವುದು ಅನ್ಯಾಯ. ಅಳತೆ ತಪ್ಪಿತ್ತು, ಅದನ್ನು ಆರಿಸಿದವರು ನೀವಲ್ಲ. ಗುರುತು ಹಾಕುವಾಗ ಹಾಳೆಯನ್ನು ನೋಡಿದಿರಿ, ಮನುಷ್ಯನನ್ನು ಅಷ್ಟಾಗಿ ನೋಡಲಿಲ್ಲ. ಅಷ್ಟು ಪಾಲು ನಿಮ್ಮದು. ಅದರ ಜೊತೆಗೆ ಇದೂ ಗೊತ್ತಿರಲಿ: ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಕೆಲವು ನರಗಳು ಸೋಲುತ್ತವೆ. ಮೊಣಕೈಯ ಅಲ್ನಾರ್ ನರವನ್ನೇ ನೋಡಿ. ಮೇಯೋದ ಇನ್ನೊಂದು ದೊಡ್ಡ ಲೆಕ್ಕದಲ್ಲಿ 2,729 ಮಂದಿಗೆ ಒಬ್ಬರಲ್ಲಿ ಅದು ಬಹುಕಾಲ ಉಳಿಯುವಂತೆ ಹಾನಿಗೊಂಡಿತ್ತು, ಅವರಲ್ಲಿ ಶೇ. 70 ಪುರುಷರು, ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಲಕ್ಷಣ ಕಂಡದ್ದು ಶಸ್ತ್ರಚಿಕಿತ್ಸೆ ಮುಗಿದು 24 ಗಂಟೆ ಕಳೆದ ಮೇಲೆ. ಅಂದರೆ ಎಲ್ಲ ಹಾನಿಯೂ ನಮ್ಮ ಮೇಜಿನ ಮೇಲೆಯೇ ಆಯಿತು ಎಂದು ಹೇಳಲಾಗದು. ವಾರ್ಡಿನ ಮಂಚದಲ್ಲಿ ಮೊಣಕೈ ಊರಿ ಮಲಗಿದ್ದೂ ಇರಬಹುದು. ಹೀಗಾಗಿ ಎಚ್ಚರವಾದ ಕೂಡಲೇ, ನೋವಿಗೆಂದು ನರಕ್ಕೆ ಮದ್ದು ಚುಚ್ಚುವ ಮೊದಲೇ, ಬೆರಳುಗಳನ್ನು ಅಗಲಿಸಿ, ಪಾದ ಮೇಲಕ್ಕೆ ಎತ್ತಿ ಎಂದು ಕೇಳಿ ಬರೆದಿಡುವುದು ಇಡೀ ಅಳತೆಯ ಕೊನೆಯ ಭಾಗ. ಮೀನಖಂಡ ಕಲ್ಲಿನಂತಿದ್ದು, ಕಾಲ್ಬೆರಳು ಮಡಚಿಸಿದರೆ ರೋಗಿ ಕಿರುಚಿಕೊಂಡರೆ, ಪಾದದ ನಾಡಿ ಸಿಗುತ್ತಿದೆ ಎಂದು ಸಮಾಧಾನಪಡಬೇಡಿ. ಆ ಕ್ಷಣವೇ ಸರ್ಜನ್‌ರನ್ನು ಕರೆಸಿ, ಅಲ್ಲಿ ಗಂಟೆಗಳ ಲೆಕ್ಕ.

ನಿಮ್ಮ ರೋಗಿಯ ವಿಚಾರದಲ್ಲಿ ಮೊದಲು ಒಂದನ್ನು ನೋಡಿಸಿ: ಪಾದವನ್ನು ಒಳಮುಖವಾಗಿ ತಿರುಗಿಸಲು ಬರುತ್ತದೆಯೇ? ಬಂದರೆ ಪೆಟ್ಟು ಮೊಣಕಾಲಿನ ಬಳಿ ಪೆರೋನಿಯಲ್ ನರಕ್ಕೇ ಬಿದ್ದಿರುವ ಸಂಭವ ಹೆಚ್ಚು. ಬಾರದಿದ್ದರೆ ಮೇಲೆ ಸಯಾಟಿಕ್ ನರ ಅಥವಾ ಬೆನ್ನಿನ ನರಬೇರಿನತ್ತ ಹುಡುಕಬೇಕು. ನರ ಮತ್ತು ಸ್ನಾಯುವಿನ ವಿದ್ಯುತ್ ಪರೀಕ್ಷೆಗೆ ಈಗ ಸಮಯ ಸರಿಯಾಗಿದೆ, ಏಕೆಂದರೆ ಸ್ನಾಯುವಿನಲ್ಲಿ ಬದಲಾವಣೆ ಕಾಣಲು ಎರಡು ಮೂರು ವಾರ ಬೇಕು. ನರದ ಹೊದಿಕೆಗಷ್ಟೇ ಪೆಟ್ಟಾಗಿದ್ದರೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಪಾದ ಎದ್ದೀತು. ಒಳಗಿನ ತಂತು ಕಡಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆದು ಸ್ನಾಯು ತಲುಪಬೇಕು, ಹಲವು ತಿಂಗಳ ಮಾತು. ಅಲ್ಲಿಯವರೆಗೆ ಪಾದ ಇಳಿಬೀಳದಂತೆ ಸ್ಪ್ಲಿಂಟ್ ಮತ್ತು ಫಿಸಿಯೋಥೆರಪಿ ಬೇಕು. ಅವರನ್ನು ನೀವೇ ಹೋಗಿ ನೋಡಿ, ಸಿಗರೇಟಿನ ಬಗ್ಗೆ ಮಾತನಾಡಿ, ಕಾಲ ಮೇಲೆ ಕಾಲು ಹಾಕಿ ಕುಳಿತುಕೊಳ್ಳುವ ಅಭ್ಯಾಸ ಇದೆಯೇ ಎಂದು ಕೇಳಿ. ಇದ್ದರೆ ಸದ್ಯಕ್ಕೆ ಬಿಡಲು ಹೇಳಿ, ಅದೇ ನರ ಅಲ್ಲಿಯೂ ಒತ್ತಿಕೊಳ್ಳುತ್ತದೆ.